ತೆರೆದ ಗ್ಯಾಲರಿಯ ಬಾಡಿಗೆ ಕಟ್ಟಡ: ನನ್ನ ಅನುಭವ

ಬಾಡಿಗೆಗೆಂದೇ ಕಟ್ಟುವ ಅಪಾರ್ಟ್‌ಮೆಂಟಿನಲ್ಲಿ ಮನೆಗಳೆಲ್ಲ ಒಂದೇ ಬದಿಗಿರಲಿ, ಅವುಗಳ ಮುಂದೆ ಎರಡು ಮೀಟರಿಗೂ ಮಿಕ್ಕ ಅಗಲದ ತೆರೆದ ಗ್ಯಾಲರಿ ಇರಲಿ ಎಂದು ನಾನು ನಕ್ಷೆ ಮುಂದಿಟ್ಟಾಗ, ಹಣ ಹಾಕುವವರಾಗಲಿ ಜೊತೆಯ ವಾಸ್ತುಶಿಲ್ಪಿಗಳಾಗಲಿ ಒಪ್ಪಲಿಲ್ಲ. ನಡುವೆ ಕಾರಿಡಾರ್ ಇಟ್ಟು ಎರಡೂ ಬದಿಗೆ ಮನೆ ಜೋಡಿಸಿದರೆ ಅದೇ ನಿವೇಶನದಲ್ಲಿ ಹತ್ತಕ್ಕೆ ಒಂದರಂತೆ ಹೆಚ್ಚುವರಿ ಮನೆಗಳು ಸಿಗುತ್ತವೆ ಎಂಬುದು ಅವರ ಲೆಕ್ಕವಾಗಿತ್ತು. ಲೆಕ್ಕವೇನೋ ಸರಿ, ಆದರೆ ಅದು ಮಾರಿ ಕೈತೊಳೆದುಕೊಳ್ಳುವವರ ಲೆಕ್ಕ. ಕಟ್ಟಡವನ್ನು ಇಪ್ಪತ್ತೈದು ವರ್ಷ ತಾವೇ ಇಟ್ಟುಕೊಂಡು ನಡೆಸುವವರು ಬೇರೆಯದೇ ಲೆಕ್ಕ ಹಾಕಬೇಕಾಗುತ್ತದೆ. ಈಗ ಕಟ್ಟಡ ತುಂಬಿ ನಾಲ್ಕು ವರ್ಷದ ಮೇಲಾಗಿದೆ; ಅಂದು ಒಪ್ಪದವರಲ್ಲಿ ಒಬ್ಬರು ಮೊನ್ನೆ ಅದೇ ನಕ್ಷೆಯ ಪ್ರತಿ ಕೇಳಿದರು.

ಗ್ಯಾಲರಿ ಎಂದೊಡನೆ ಎಲ್ಲರೂ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸೋತುಹೋದ ಪ್ರೂಯಿಟ್-ಐಗೋ ಎಂಬ ಸರ್ಕಾರಿ ವಸತಿಯನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಹನ್ನೊಂದು ಮಹಡಿಯ 33 ಕಟ್ಟಡಗಳು, ಎಲ್ಲ ಮಹಡಿಯಲ್ಲೂ ನಿಲ್ಲದ ಲಿಫ್ಟು, ಅದು ನಿಲ್ಲುವ ಮಹಡಿಗಳಲ್ಲಿ ಮಾತ್ರ ಗ್ಯಾಲರಿ. 1972ರಲ್ಲಿ ಕೆಡವಲು ಆರಂಭಿಸಿದ್ದನ್ನು ನಾವೆಲ್ಲ ಓದಿಯೇ ಇದ್ದೇವೆ. ಆದರೆ ಅದೇ ಕಟ್ಟಡಗಳಲ್ಲಿ ಎರಡೇ ಕುಟುಂಬಗಳು ಹಂಚಿಕೊಂಡಿದ್ದ ಮೆಟ್ಟಿಲ ಅಂಗಳಗಳು ಚೊಕ್ಕಟವಾಗಿದ್ದವು, ಇಪ್ಪತ್ತು ಕುಟುಂಬಗಳಿಗೆ ಸೇರಿದ ಜಾಗಗಳು ಮಾತ್ರ ಹಾಳುಬಿದ್ದಿದ್ದವು ಎಂಬ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ ಅವರ ಮಾತನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ನಿರ್ವಹಣೆಯ ಖರ್ಚು ಬಾಡಿಗೆಯಿಂದಲೇ ಹುಟ್ಟಬೇಕಿತ್ತು, ಮನೆಗಳು ಖಾಲಿಯಾದಂತೆ ಆ ಹಣವೂ ಬತ್ತಿತು ಎಂಬುದನ್ನಂತೂ ಕೇಳುವವರೇ ಇಲ್ಲ. ಆದ್ದರಿಂದ ನಾನು ಪ್ರತಿ ಮಹಡಿಗೂ ಗ್ಯಾಲರಿ ಕೊಟ್ಟು, ಒಂದು ಮೆಟ್ಟಿಲಿಗೆ ಆರು ಬಾಗಿಲುಗಳಿಗಿಂತ ಹೆಚ್ಚು ಸೇರದಂತೆ ತುಂಡರಿಸಿದೆ. ಮೆಟ್ಟಿಲು ಒಂದು ಹೆಚ್ಚಾಯಿತು, ಒಟ್ಟು ವೆಚ್ಚ ಶೇ. 2ರಷ್ಟು ಏರಿತು.

ಹಣದ ವಿಷಯವನ್ನು ಬಿಡಿಸಿಯೇ ಹೇಳುತ್ತೇನೆ. ಒಬ್ಬ ಬಾಡಿಗೆದಾರ ಬಿಟ್ಟುಹೋದರೆ ಮನೆ ಖಾಲಿ ಬೀಳುವ ಅವಧಿ, ಬಣ್ಣ, ನಲ್ಲಿ ರಿಪೇರಿ, ದಲ್ಲಾಳಿಯ ಕಮಿಷನ್ ಎಲ್ಲ ಸೇರಿ ಹತ್ತಿರಹತ್ತಿರ ಎರಡು ತಿಂಗಳ ಬಾಡಿಗೆ ಕೈಬಿಡುತ್ತದೆ. ನಡುಕಾರಿಡಾರಿನ ನಮ್ಮ ಹಿಂದಿನ ಕಟ್ಟಡದಲ್ಲಿ ಜನ ಸರಾಸರಿ ಒಂದೂವರೆ ವರ್ಷ ಉಳಿಯುತ್ತಿದ್ದರು, ಅಂದರೆ ಬಾಡಿಗೆಯ ಶೇ. 11ರಷ್ಟು ಬರೀ ಬದಲಾವಣೆಗೇ ಹೋಗುತ್ತಿತ್ತು. ಇಲ್ಲಿ ಮೂರು ವರ್ಷ ದಾಟಿದವರೇ ಹೆಚ್ಚಾಗಿರುವುದರಿಂದ ಆ ಸೋರಿಕೆ ಅರ್ಧಕ್ಕೆ ಇಳಿದಿದೆ. ಎರಡೂ ಕಡೆಯಿಂದ ಗಾಳಿ ಬರುವ ಮನೆಗೆ ನೂರಕ್ಕೆ ನಾಲ್ಕೈದರಷ್ಟು ಹೆಚ್ಚು ಬಾಡಿಗೆಯನ್ನು ಯಾರೂ ಚೌಕಾಸಿ ಮಾಡದೆ ಕೊಡುತ್ತಾರೆ. ಇದರ ಮೇಲೆ, ಮನೆಗಳು ಕಡಿಮೆಯಾದಾಗ ಬಾತ್‌ರೂಮು, ಅಡುಗೆಮನೆ, ಪ್ಲಂಬಿಂಗ್ ಖರ್ಚೂ ಕಡಿಮೆಯಾಗಿ ಸಾಲವೂ ಅಷ್ಟು ಸಣ್ಣದಾಯಿತು.

ಸಮುದಾಯ ಭವನವೆಂಬ ಹೆಸರಿನಲ್ಲಿ ಹಣ ಸುರಿಯುವುದನ್ನು ನಾನು ನಿಲ್ಲಿಸಿದ್ದೇನೆ. ಹಿಂದಿನ ಕಟ್ಟಡದ ತಾರಸಿಯಲ್ಲಿ ಕಟ್ಟಿದ ಚೆಂದದ ಹಾಲ್ ಕೊನೆಗೆ ಮುರಿದ ಕುರ್ಚಿಗಳ ಗೋದಾಮಾಯಿತು, ಏಕೆಂದರೆ ಅಲ್ಲಿಗೆ ಹೋಗಲು ಯಾರಿಗೂ ದಿನನಿತ್ಯದ ಕಾರಣವಿರಲಿಲ್ಲ. ಈ ಬಾರಿ ಎಲ್ಲರೂ ಬಳಸುವ ವಾಷಿಂಗ್ ಮೆಷಿನ್ ಕೋಣೆ, ಸೈಕಲ್ ನಿಲ್ಲಿಸುವ ಜಾಗ, ಪಾರ್ಸೆಲ್ ಕಪಾಟು ಇವನ್ನು ಲಿಫ್ಟಿಗೂ ಮೆಟ್ಟಿಲಿಗೂ ನಡುವೆ, ಗಾಜಿನ ಗೋಡೆಯ ಹಿಂದೆ ಇಟ್ಟೆ. ಬಟ್ಟೆ ಒಗೆಯಲು ಬಂದವರು ಮಾತಿಗೆ ನಿಲ್ಲುತ್ತಾರೆ, ಅಷ್ಟು ಸಾಕು. ಗ್ಯಾಲರಿಯಲ್ಲಿ ಬೆಂಚು ಹಾಕಲು ಅಗ್ನಿಶಾಮಕ ಅನುಮತಿ ಸಿಗದೆ ಹೋದಾಗ, ಎರಡೆರಡು ಬಾಗಿಲುಗಳ ನಡುವಿನ ಗೋಡೆಯನ್ನು ಸುಮಾರು ಅರವತ್ತು-ಎಪ್ಪತ್ತು ಸೆಂಟಿಮೀಟರ್ ಒಳಕ್ಕೆ ಸರಿಸಿ, ನಡೆಯುವ ದಾರಿ ಪೂರ್ತಿ ಖಾಲಿ ಉಳಿಯುವಂತೆ ಗೂಡುಗಳನ್ನು ಮಾಡಿದೆವು. ಆ ಗೂಡಿನ ನೆಲಕ್ಕೆ ಬೇರೆ ಕಲ್ಲು ಹಾಕಿದ ಮೇಲೆ ಚಪ್ಪಲಿ, ಹೂಕುಂಡಗಳೆಲ್ಲ ಯಾರೂ ಹೇಳದೆಯೇ ಅದರೊಳಗೆ ನಿಂತವು.

ಸಿಮೆಂಟಿನ ಅರ್ಧಭಾಗದ ಬದಲು ಸ್ಲ್ಯಾಗ್, ಅಂದರೆ ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟದ ಪುಡಿ, ಬಳಸುವ ಪ್ರಯೋಗ ನಮಗೆ ದುಬಾರಿಯಾಯಿತು. ಸ್ಲ್ಯಾಗ್ ಬೆರೆತ ಕಾಂಕ್ರೀಟು ಕೊನೆಗೆ ಪಡೆಯುವ ಬಲ ಚೆನ್ನಾಗಿಯೇ ಇರುತ್ತದೆ, ಆದರೆ ಆರಂಭದ ಬಲ ನಿಧಾನವಾಗಿ ಬರುವುದರಿಂದ ಮೊದಲ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚಲು ವಾರಕ್ಕೂ ಹೆಚ್ಚು ತಡವಾಯಿತು, ಸೆಂಟ್ರಿಂಗ್ ಸಾಮಾನಿನ ಬಾಡಿಗೆಯೂ ಸಾಲದ ಬಡ್ಡಿಯೂ ಒಟ್ಟಿಗೆ ಓಡತೊಡಗಿದವು. ಅಲ್ಲಿಂದ ಮುಂದೆ ಅವಸರವಿಲ್ಲದ ಅಡಿಪಾಯಕ್ಕೆ ಮಾತ್ರ ಅರ್ಧದಷ್ಟು, ಸ್ಲ್ಯಾಬುಗಳಿಗೆ ಕಾಲುಭಾಗ ಎಂದು ಇಳಿಸಿಕೊಂಡೆವು. ಪಶ್ಚಿಮದ ಕಿಟಕಿಗಳಿಗೆ ಗಾಜಿನ ಹೊರಗಡೆಯೇ ಸರಿಯುವ ಮರದ ಪಟ್ಟಿಗಳ ಪರದೆ ಹಾಕಿದ್ದು ಇದಕ್ಕಿಂತ ಅಗ್ಗದ ಉಪಾಯ. ಒಳಗಡೆಯ ಪರದೆ ಎಷ್ಟೇ ದಪ್ಪವಿದ್ದರೂ ಬಿಸಿಲು ಆಗಲೇ ಒಳಗೆ ಬಂದಿರುತ್ತದೆ.

ಸ್ನಾನದ ನೀರನ್ನು ಫ್ಲಶ್‌ಗೆ ಬಳಸುವಲ್ಲಿ ಮೊದಲ ಮಳೆಗಾಲವಿಡೀ ದುರ್ವಾಸನೆಯ ದೂರುಗಳು ಬಂದವು. ಸೋಸದ ನೀರು ಒಂದು ದಿನಕ್ಕಿಂತ ಹೆಚ್ಚು ನಿಂತರೆ ಕೊಳೆಯುತ್ತದೆ, ಮಾರಾಟಗಾರರು ನಮಗೆ ಕೊಟ್ಟಿದ್ದ ಟ್ಯಾಂಕು ಎರಡು ದಿನದ ನೀರು ಹಿಡಿಯುವಷ್ಟು ದೊಡ್ಡದಿತ್ತು. ಟ್ಯಾಂಕನ್ನು ಅಡ್ಡಗೋಡೆ ಹಾಕಿ ಅರ್ಧ ಮಾಡಿ, ಉಳಿದ ನೀರು ರಾತ್ರಿ ತಾನೇ ಚರಂಡಿಗೆ ಹೋಗುವಂತೆ ಮಾಡಿದ ಮೇಲೆ ದೂರು ನಿಂತಿತು. ಫಿಲ್ಟರಿನ ಪದರಗಳನ್ನು ಯಾವ ಕ್ರಮದಲ್ಲಿ ಹಾಕಿದೆವೆಂಬುದನ್ನು ಇಲ್ಲಿ ಬರೆಯಲಾರೆ, ಅದಕ್ಕಾಗಿ ಬೇಕಾದಷ್ಟು ಕಷ್ಟಪಟ್ಟಿದ್ದೇನೆ. ಇಂಥವಕ್ಕೆ ಹಣ ಹಾಕುವುದು ಮಾಲೀಕ, ಉಳಿತಾಯ ಬಾಡಿಗೆದಾರನಿಗೆ ಎಂಬ ಹಳೆಯ ತಕರಾರನ್ನು, ನೀರಿನ ಶುಲ್ಕವನ್ನು ಬಾಡಿಗೆಯೊಳಗೇ ಸೇರಿಸಿ, ಮಿತಿ ಮೀರಿದವರಿಗೆ ಮಾತ್ರ ಮೀಟರ್ ಪ್ರಕಾರ ಬಿಲ್ ಮಾಡಿ ಬಗೆಹರಿಸಿಕೊಂಡೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 2014ರಲ್ಲಿ ಮುಗಿದ ಕಾಲ್ಕ್‌ಬ್ರೈಟೆ ಸಹಕಾರಿ ವಸತಿಯಲ್ಲಿ, ಮನೆಗೆ ಕೋಣೆ ಸಾಲದಾದಾಗ ಅದೇ ಕಟ್ಟಡದಲ್ಲಿ ಪ್ರತ್ಯೇಕವಾಗಿ ಬಾಡಿಗೆಗೆ ಪಡೆಯಬಹುದಾದ ‘ಜೋಕರ್’ ಕೋಣೆಗಳಿವೆ. ಅದನ್ನು ನೋಡಿ ಎರಡು ಮಹಡಿಗಳಲ್ಲಿ ಶೌಚಾಲಯ ಸಹಿತ ಒಂದೊಂದು ಕೋಣೆ ಬಿಟ್ಟಿದ್ದೆ. ವಯಸ್ಸಾದ ತಂದೆತಾಯಿಯರಿಗೆಂದೋ ಓದುವ ಮಕ್ಕಳಿಗೆಂದೋ ಯಾರಾದರೂ ತೆಗೆದುಕೊಳ್ಳುತ್ತಲೇ ಇರುತ್ತಾರೆ, ಮನೆ ಸಣ್ಣದಾಯಿತೆಂದು ಬಿಟ್ಟುಹೋಗಬೇಕಿದ್ದ ಎರಡು ಮೂರು ಕುಟುಂಬಗಳು ಇದರಿಂದಲೇ ಉಳಿದುಕೊಂಡಿವೆ. ಚದರ ಮೀಟರಿನ ಲೆಕ್ಕದಲ್ಲಿ ಇಡೀ ಕಟ್ಟಡದಲ್ಲೇ ಹೆಚ್ಚು ಬಾಡಿಗೆ ತರುವುದು ಈ ಕೋಣೆಗಳೇ ಆದ್ದರಿಂದ, ಮುಂದಿನ ನಕ್ಷೆಯಲ್ಲಿ ಪ್ರತಿ ಮಹಡಿಗೂ ಒಂದನ್ನು ಹಾಕಿದ್ದೇನೆ. ಹಣ ಹಾಕುವವರು ಈ ಬಾರಿ ಅದರ ಬಗ್ಗೆ ಪ್ರಶ್ನೆ ಎತ್ತಲಿಲ್ಲ.