ಮಳೆ ಬಂದ ಮೇಲೆ ಅದೇ ಜಮೀನಿಗೆ ಇನ್ನೊಂದು ಸಲ

ಕಟ್ಟಡ ಏಳುವ ಮುಂಚೆ ಆ ಜಾಗದಲ್ಲಿ ಏನೇನಿದೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಮರ, ಹಕ್ಕಿ, ಹಾವು, ಕಪ್ಪೆ, ನೀರು ಹರಿಯುವ ದಾರಿ ಎಲ್ಲ. ಹೆಚ್ಚಾಗಿ ಬೆಂಗಳೂರಿನ ಸುತ್ತಮುತ್ತವೇ ಓಡಾಟ.

ಸರ್ಜಾಪುರದ ಕಡೆ ಎಂಟು ಎಕರೆ ಜಮೀನು. ಅಪಾರ್ಟ್‌ಮೆಂಟ್ ಬರಬೇಕಿತ್ತು. 2006ರ ಇಐಎ (ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ಇದು ಅದಕ್ಕಿಂತ ದೊಡ್ಡದು. ನಮ್ಮನ್ನು ಕರೆದಾಗ ಫೆಬ್ರವರಿ ಕೊನೆ. "ಅಲ್ಲೇನಿದೆ ಸಾರ್, ಒಂದಿಷ್ಟು ನೀಲಗಿರಿ ಬಿಟ್ಟರೆ ಬರೀ ಬಯಲು. ಎರಡು ದಿನದಲ್ಲಿ ಮುಗಿಸಿಕೊಡಿ" ಎಂದರು ಸೈಟ್ ಇಂಜಿನಿಯರ್.

ಹೋದರೆ ಹಾಗೇ ಕಾಣುತ್ತಿತ್ತು. ಒಣಗಿದ ಹುಲ್ಲು, ಕಲ್ಲು, ಲಂಟಾನ ಪೊದೆ, ಒಂದು ಮೂಲೆಯಲ್ಲಿ ನೀಲಗಿರಿ ತೋಪು.

ಮೊದಲು ಮರ ಎಣಿಸಿದೆವು. ನೆಲದಿಂದ ನಾಲ್ಕೂವರೆ ಅಡಿ ಮೇಲೆ ಟೇಪ್ ಸುತ್ತಿ ಸುತ್ತಳತೆ ತೆಗೆಯುವುದು, ಬಣ್ಣದಲ್ಲಿ ನಂಬರ್ ಬರೆಯುವುದು, ಜಿಪಿಎಸ್ ಗುರುತು ಹಾಕುವುದು. ನೀಲಗಿರಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಕಡಿಯಲು ಅನುಮತಿ ಬೇಡ. ಅದಕ್ಕೇ ಎಷ್ಟೋ ಜನ ತೋಪಿನೊಳಗೆ ಕಾಲಿಡುವುದೇ ಇಲ್ಲ. ನಾನು ಇಡುತ್ತೇನೆ. ಈ ತೋಪಿನ ಎತ್ತರದ ಮರವೊಂದರ ತುದಿಯಲ್ಲಿ ಹದ್ದು ಗೂಡು ಕಟ್ಟಿತ್ತು. ಕೆಳಗೆ ಬಿದ್ದಿದ್ದ ಬಿಳಿ ಹಿಕ್ಕೆ ನೋಡಿ ತಲೆ ಎತ್ತಿದ್ದರಿಂದ ಕಂಡಿತು.

ಮಾರ್ಚ್ ಎರಡನೇ ವಾರ ಮತ್ತೆ ಹೋದಾಗ ಟಿಟ್ಟಿಭ ಒಂದು ಸಮನೆ ಕೂಗುತ್ತಾ ನನ್ನ ತಲೆ ಮೇಲೇ ಸುತ್ತತೊಡಗಿತು. ಆ ಹಕ್ಕಿ ಸುಮ್ನೆ ಹಾಗೆ ಮಾಡುವುದಿಲ್ಲ. ನಿಂತಲ್ಲೇ ನಿಂತೆ. ಒಂದು ಹೆಜ್ಜೆ ಮುಂದೆ, ಜಲ್ಲಿಕಲ್ಲಿನ ನಡುವೆ ಅಂಗೈಯಷ್ಟು ತಗ್ಗು. ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಕಣ್ಣು ಆಚೆ ತೆಗೆದು ಮತ್ತೆ ನೋಡಿದರೆ ಕಾಣುವುದಿಲ್ಲ, ಅಷ್ಟು ಕಲ್ಲಿನ ಹಾಗೇ ಇವೆ. ಮಾರನೇ ದಿನ ಅಲ್ಲಿಗೆ ಜೆಸಿಬಿ ಬರುವುದಿತ್ತು, ನೆಲ ಸಮ ಮಾಡಲು. ಇಂಜಿನಿಯರ್‌ಗೆ ಫೋನ್ ಮಾಡಿ, ಮರಿ ಹೊರಬರಲು ಸುಮಾರು ಒಂದು ತಿಂಗಳು ಬೇಕು, ಆ ಮೂಲೆ ಬಿಟ್ಟು ಬೇರೆ ಕಡೆ ಮಾಡಿಸಿ ಎಂದು ಕೇಳಿಕೊಂಡೆ. ಅವರು ಬೇಸರ ಮಾಡಿಕೊಳ್ಳದೆ ಸುತ್ತ ನಾಲ್ಕು ಗೂಟ ನೆಟ್ಟು ರಿಬ್ಬನ್ ಕಟ್ಟಿಸಿದರು. ಇದು ಕಾನೂನಿಗೆ ಹೆದರಿ ಮಾಡಿದ್ದಲ್ಲ. ಮೊಟ್ಟೆ ತೋರಿಸಿದರೆ ಯಾರಿಗಾದರೂ ಮನಸ್ಸು ಕರಗುತ್ತದೆ ಅಲ್ವಾ?

ಆದರೆ ಈ ಜಮೀನಿನ ದೊಡ್ಡ ವಿಷಯ ಹಕ್ಕಿಯದಲ್ಲ, ನೀರಿನದು.

ಜಮೀನಿನ ನಡುವೆ ಮೊಣಕಾಲು ಆಳದ ಒಂದು ತಗ್ಗು ಉದ್ದಕ್ಕೆ ಹೋಗಿತ್ತು. ಒಳಗೆ ಪ್ಲಾಸ್ಟಿಕ್, ಕಸ, ಲಂಟಾನ. ಆರ್ಕಿಟೆಕ್ಟ್ ಕೊಟ್ಟ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಅದರ ಮೇಲೇ ಎರಡನೇ ಟವರ್, ಕೆಳಗೆ ಎರಡು ಅಂತಸ್ತಿನ ಪಾರ್ಕಿಂಗ್. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯನ್ನು ಕೇಳಿದೆ. "ಇದು ಹಳ್ಳ ಅಲ್ಲ ಕಣಪ್ಪ, ಕಾಲುವೆ. ಮೇಲ್ಗಡೆ ಕೆರೆ ಕೋಡಿ ಬಿದ್ದರೆ ನೀರು ಇಲ್ಲೇ ಬರೋದು" ಎಂದರು. ಕೋಡಿ ಬಿದ್ದು ಎಷ್ಟು ವರ್ಷ ಆಯಿತು ಎಂದರೆ, "ಅದೇ ಆ ಜೋರು ಮಳೆ ವರ್ಷ" ಎಂದರು.

ನಾನು ಸುಮ್ಮನಾದೆ. 2022ರ ಸೆಪ್ಟೆಂಬರ್ ನೆನಪಾಯಿತು. ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತಂದಿದ್ದರು. ಆ ಸಲ ನೀರು ತುಂಬಿದ ಒಂದು ಬೇಸ್‌ಮೆಂಟಿನ ಜಾಗಕ್ಕೆ, ಕಟ್ಟುವ ಮುಂಚೆ ಸರ್ವೆ ಮಾಡಿದ್ದವನು ನಾನೇ. ಏಪ್ರಿಲ್‌ನಲ್ಲಿ ಒಂದೇ ಸಲ ಹೋಗಿ, ಜಾಗದೊಳಗೆ ನೀರಿನ ಹರಿವು ಇಲ್ಲ ಎಂದು ಬರೆದಿದ್ದೆ. ಆ ದಿನ ಕಂಡಿದ್ದನ್ನೇ ಬರೆದಿದ್ದೆ, ಸುಳ್ಳಲ್ಲ. ಆದರೂ ಅದು ತಪ್ಪು ವರದಿ.

ಆದ್ದರಿಂದ ಈ ಸಲ ಕಾಗದ ಹುಡುಕಿದೆ. ಮೊದಲು ಗ್ರಾಮ ನಕಾಶೆ. ಅದರಲ್ಲಿ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಜೋಡಿ ಗೆರೆ ಸ್ಪಷ್ಟವಾಗಿತ್ತು, ನಮ್ಮ ಸರ್ವೆ ನಂಬರಿನ ನಡುವಿನಿಂದಲೇ. ಆಮೇಲೆ ಪಹಣಿ. ಅಲ್ಲಿ 'ಬಿ' ಖರಾಬು ಎಂದು ಕೆಲವು ಗುಂಟೆ ಇತ್ತು. 'ಬಿ' ಖರಾಬು ಅಂದರೆ ಸಾರ್ವಜನಿಕರದ್ದು, ಜಮೀನಿನ ಒಡೆಯನದ್ದಲ್ಲ. ನಿಂತ ಜಾಗದ ಸರ್ವೆ ನಂಬರ್, ನಕಾಶೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಫೋನಿನಲ್ಲಿ ತೆರೆದು ಆ ತಗ್ಗಿನಲ್ಲೇ ನಿಂತು ನೋಡಿದೆ. ಮೂರೂ ಹೊಂದಿಕೆಯಾದವು. ಅಜ್ಜಿ ಮಾತೂ ಸೇರಿದರೆ ನಾಲ್ಕು.

ಮಳೆ ಬರುವವರೆಗೆ ವರದಿ ಕೊಡುವುದಿಲ್ಲ ಎಂದು ಹೇಳಿಬಿಟ್ಟೆ. ಇದು ಸುಲಭದ ಮಾತಲ್ಲ. ದೊಡ್ಡ ಯೋಜನೆಗಳ ಇಐಎ ವರದಿಗೇ ಮಳೆಗಾಲ ಬಿಟ್ಟು ಒಂದು ಸೀಸನ್ ಮಾಹಿತಿ ಇದ್ದರೆ ಸಾಕು. ಹಾಗಿದ್ದ ಮೇಲೆ ನಮ್ಮ ಕಾಗದಕ್ಕೆ ಯಾರು ಕಾಯುತ್ತಾರೆ? ಗಾಳಿ, ದೂಳಿನ ಅಳತೆಗೆ ಆ ಲೆಕ್ಕ ಸರಿ ಇರಬಹುದು. ನಮ್ಮ ಬಯಲುಸೀಮೆಯ ನೆಲಕ್ಕೆ ಮಾತ್ರ ಸರಿಯಲ್ಲ. ಇಲ್ಲಿ ಇರುವುದೆಲ್ಲ ಮಳೆ ಬಂದಾಗಲೇ ಕಾಣುವುದು. ಕಂಪನಿಯವರು ಕೊನೆಗೆ ಒಪ್ಪಿದರು. ನಕ್ಷೆ ಆಮೇಲೆ ಬದಲಾಯಿಸಿದರೆ ಖರ್ಚು ಜಾಸ್ತಿ ಎಂಬ ಲೆಕ್ಕ ಅವರಿಗೂ ಗೊತ್ತಿತ್ತು.

ಜೂನ್ ಮೊದಲ ವಾರ ಸಂಜೆ ಒಂದು ಒಳ್ಳೆ ಮಳೆ ಬಿತ್ತು. ರಾತ್ರಿ ಎಂಟಕ್ಕೆ ಗಮ್‌ಬೂಟ್ ಹಾಕಿಕೊಂಡು, ತಲೆಗೆ ಟಾರ್ಚ್ ಕಟ್ಟಿ ಹೋದೆವು. ಗೇಟಿನಲ್ಲೇ ಸದ್ದು ಕೇಳಿಸಿತು. ಫೆಬ್ರವರಿಯಲ್ಲಿ ಒಂದೂ ಕಪ್ಪೆ ಬರೆಯದಿದ್ದ ಜಾಗದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ವಟಗುಟ್ಟುವಿಕೆ. ನೆಲದೊಳಗೆ ತಿಂಗಳುಗಟ್ಟಲೆ ಹೂತುಕೊಂಡಿದ್ದ ಗುಂಡು ಮೈಯ ಕಪ್ಪೆಗಳು ಮಣ್ಣು ಮೆತ್ತಿಕೊಂಡೇ ಮೇಲೆ ಬಂದಿದ್ದವು. ತಗ್ಗಿನಲ್ಲಿ ನೀರು ನಿಂತಿರಲಿಲ್ಲ, ಹರಿಯುತ್ತಿತ್ತು. ಕಡ್ಡಿ ಬಿಟ್ಟು ನೋಡಿದೆವು. ನೇರ ಎರಡನೇ ಟವರ್ ಬರಬೇಕಿದ್ದ ಕಡೆಗೇ ತೇಲಿಕೊಂಡು ಹೋಯಿತು. ಅದನ್ನು ವಿಡಿಯೊ ಮಾಡಿ ವರದಿ ಜೊತೆ ಕೊಟ್ಟೆ. ಹತ್ತು ಪುಟದ ಪಟ್ಟಿಗಿಂತ ಆ ಅರ್ಧ ನಿಮಿಷ ಜಾಸ್ತಿ ಕೆಲಸ ಮಾಡಿತು.

ಕಾಲುವೆ, ಕೆರೆಯ ಪಕ್ಕ ಕಟ್ಟದೆ ಎಷ್ಟು ಮೀಟರ್ ಖಾಲಿ ಬಿಡಬೇಕು ಎನ್ನುವುದು ಬೆಂಗಳೂರಿನಲ್ಲಿ ಹಳೇ ಜಗಳ. ಕೆರೆ ಅಂಚಿಗೆ 75 ಮೀಟರ್ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಾನು ನಿಯಮದ ಅಂಕಿಯನ್ನೂ ಬರೆಯುತ್ತೇನೆ, ಆ ರಾತ್ರಿ ನೀರು ಎಲ್ಲಿಯವರೆಗೆ ಹರಡಿತ್ತು ಎಂದು ಗೂಟ ಹೊಡೆದು ಅಳೆದದ್ದನ್ನೂ ಬರೆಯುತ್ತೇನೆ. ಎರಡರಲ್ಲಿ ಯಾವುದು ದೊಡ್ಡದೋ ಅಷ್ಟು ಬಿಡಿ ಎನ್ನುತ್ತೇನೆ.

ಟವರ್ ಆಚೆ ಸರಿಯಿತು. ಕೆಲವು ಫ್ಲ್ಯಾಟ್ ಕಮ್ಮಿಯಾದವು. ಕಾಲುವೆಯ ಕಸ ತೆಗೆಸಿದರು. ಅದಕ್ಕೆ ಕಾಂಕ್ರೀಟ್ ಹಾಕಬೇಡಿ, ಎರಡೂ ಬದಿ ಮಣ್ಣಿನ ದಂಡೆಯೇ ಇರಲಿ ಎಂದು ಕೇಳಿದ್ದೆ. ಅದು ಅರ್ಧ ಉದ್ದಕ್ಕೆ ಮಾತ್ರ ಆಯಿತು. ತೋಪು ಉಳಿಯಲಿಲ್ಲ, ಹದ್ದಿನ ಮರಿ ಹಾರುವವರೆಗೆ ಕಾದು ಕಡಿದರು.

ಈಗ ನನ್ನ ಕೊಟೇಷನ್ನಿನಲ್ಲಿ ಮೊದಲೇ ಬರೆದಿರುತ್ತೇನೆ: ಬೇಸಿಗೆಯಲ್ಲಿ ಮೂರು ದಿನ, ಮೊದಲ ದೊಡ್ಡ ಮಳೆಯ ರಾತ್ರಿ ಒಂದು, ಸೆಪ್ಟೆಂಬರ್‌ನಲ್ಲಿ ಎರಡು ದಿನ, ಊರಿನ ಹಿರಿಯರ ಜೊತೆ ಅರ್ಧ ದಿನ. ಇಷ್ಟು ಸಮಯ ಇಲ್ಲ ಎನ್ನುವವರಿಗೆ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತೇನೆ. ಹೋಗುವವರು ಹೋಗುತ್ತಾರೆ. ಹೋದ ತಿಂಗಳು ಒಬ್ಬರು ವಾಪಸ್ ಬಂದರು, ಕೈಯಲ್ಲಿ ಗ್ರಾಮ ನಕಾಶೆ ಹಿಡಿದುಕೊಂಡು.