ಹಲವು ದೇಶಗಳ ಕೃಷಿ ಸಬ್ಸಿಡಿ ಸುಧಾರಣೆ: ಯಾವುದು ಮೊದಲು, ಯಾವುದು ಆಮೇಲೆ

ಮೊದಲು ಜಮೀನಿನ ಲೆಕ್ಕ ಸರಿಯಾಗಬೇಕು. ಐರೋಪ್ಯ ಒಕ್ಕೂಟ 1992ರಲ್ಲಿ ಸುಧಾರಣೆ ಶುರುಮಾಡಿದಾಗಲೇ ತಾಕುಗಳ ದಾಖಲೆ, ಅರ್ಜಿ, ತಪಾಸಣೆಗೆ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಪದ್ಧತಿ ತಂದಿತು. ಅದಿಲ್ಲದೆ ಹೆಕ್ಟೇರ್ ಲೆಕ್ಕದಲ್ಲಿ ಹಣ ಹಂಚಿದರೆ ಒಂದೇ ಹೊಲಕ್ಕೆ ಇಬ್ಬರು ಅರ್ಜಿ ಹಾಕಿದರೂ ಗೊತ್ತಾಗದು.

ಆಮೇಲೆ ಬೆಲೆಗೆ ಕೈ ಹಾಕಿ, ಅದೂ ಹಂತಹಂತವಾಗಿ. ಆಗಿನ ಕೃಷಿ ಕಮಿಷನರ್ ಮ್ಯಾಕ್‌ಶಾರಿ ಧಾನ್ಯದ ಖಾತರಿ ಬೆಲೆಯನ್ನು ಮೂರು ವರ್ಷಗಳಲ್ಲಿ ಸುಮಾರು ಶೇ 30ರಷ್ಟು ಇಳಿಸಿ, ನಷ್ಟವನ್ನು ಹೆಕ್ಟೇರ್‌ವಾರು ಪರಿಹಾರದಿಂದ ತುಂಬಿದರು. ಪರಿಹಾರಕ್ಕೆ ಆಯಾ ಪ್ರದೇಶದ ಹಳೆಯ ಸರಾಸರಿ ಇಳುವರಿಯೇ ಆಧಾರ. ಈ ವರ್ಷದ ಇಳುವರಿ ಹಿಡಿದಿದ್ದರೆ ಹೆಚ್ಚು ಬೆಳೆದವರಿಗೆ ಹೆಚ್ಚು ಹಣ ಸಿಕ್ಕು, ಗೋದಾಮಿನಲ್ಲಿ ಮತ್ತೆ ಮಾರಾಟವಾಗದ ಧಾನ್ಯದ ರಾಶಿ ಬೀಳುತ್ತಿತ್ತು. 2003ರ ಸುಧಾರಣೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಣಕ್ಕೂ ಬೆಳೆಗೂ ಇದ್ದ ನಂಟನ್ನು ಬಹುಪಾಲು ಕಡಿಯಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮಿತಿಯಿಲ್ಲದ 'ಹಸಿರು ಪೆಟ್ಟಿಗೆ'ಗೆ (ವ್ಯಾಪಾರವನ್ನು ಅಷ್ಟಾಗಿ ತಿರುಚದ ಸಬ್ಸಿಡಿಗಳ ವರ್ಗ) ಸಬ್ಸಿಡಿಯನ್ನು ಸೇರಿಸುವ ದಾರಿಯೂ ಇದೇ.

ಇಲ್ಲೊಂದು ಸೋರಿಕೆ ಉಂಟು. ಹಣ ಜಮೀನಿಗೆ ಅಂಟಿಕೊಂಡ ಮೇಲೆ ಗೇಣಿ ಏರಿ, ಒಂದು ಪಾಲು ಉಳುವವನ ಕೈ ದಾಟಿ ಭೂಮಾಲೀಕನಿಗೆ ಸೇರುತ್ತದೆ. ಗೇಣಿ ಒಪ್ಪಂದಗಳ ಅಂಕಿಅಂಶ ಸುಧಾರಣೆಗೆ ಮುಂಚೆಯೇ ಸಂಗ್ರಹಿಸಿಡಿ; ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಕೋಟಾ, ಅಂದರೆ ಉತ್ಪಾದನೆಯ ಮಿತಿ, ತೆಗೆಯುವಾಗ ಅವಧಿ ಮೊದಲೇ ಸಾರಬೇಕು. 1984ರ ಹಾಲಿನ ಕೋಟಾವನ್ನು 2009ರಿಂದ ಐದು ವರ್ಷ, ವರ್ಷಕ್ಕೆ ಶೇ 1ರಂತೆ ಸಡಿಲಿಸಿ 2015ರ ಮಾರ್ಚ್ 31ಕ್ಕೆ ಮುಗಿಸಿದರು. ಅಷ್ಟಾದರೂ ಪೆಟ್ಟು ತಪ್ಪಲಿಲ್ಲ. 2014ರ ಆಗಸ್ಟ್‌ನಲ್ಲೇ ರಷ್ಯಾ ಆಮದು ನಿಲ್ಲಿಸಿತ್ತು, ಹಾಲಿನ ಬೆಲೆ ಕುಸಿದು ಒಕ್ಕೂಟ ತುರ್ತು ನೆರವಿಗೆ ಇಳಿಯಬೇಕಾಯಿತು. ಮಾರುಕಟ್ಟೆ ಕುಸಿತಕ್ಕೆಂದು ಹಣ ಮೀಸಲಿಡದೆ ಕೊನೆಯ ದಿನಾಂಕ ಗೊತ್ತುಮಾಡಬೇಡಿ.

ದೇಶದೇಶಗಳ ಪಾವತಿಗಳ ನಡುವಿನ ಅಂತರ ಒಮ್ಮೆಲೇ ಅಳಿಸಲು ಹೋದರೆ ಮತ ಸಿಗದು. 2013ರಲ್ಲಿ ಒಪ್ಪಿದ ಸೂತ್ರ ಚಿಕ್ಕದು: ಹೆಕ್ಟೇರ್ ಪಾವತಿ ಒಕ್ಕೂಟದ ಸರಾಸರಿಯ ಶೇ 90ಕ್ಕಿಂತ ಕೆಳಗಿದ್ದರೆ, ಆ ಕೊರತೆಯ ಮೂರನೇ ಒಂದು ಭಾಗ ಮಾತ್ರ ತುಂಬುವುದು.

ಪರಿಸರದ ಷರತ್ತಿನಲ್ಲೇ ಹೆಚ್ಚು ಜನ ಎಡವುವುದು. 2013ರ ಸುಧಾರಣೆ ನೇರ ಪಾವತಿಯ ಶೇ 30ನ್ನು 'ಹಸಿರೀಕರಣ'ಕ್ಕೆ, ಅಂದರೆ ಪರಿಸರಕ್ಕೆ ಒಗ್ಗುವ ಬೇಸಾಯದ ಷರತ್ತುಗಳಿಗೆ, ಕಟ್ಟಿತು. ಆದರೆ ಬೇಸಾಯ ಕ್ರಮ ಬದಲಾದದ್ದು ಸುಮಾರು ಶೇ 5ರಷ್ಟು ಕೃಷಿಭೂಮಿಯಲ್ಲಿ ಮಾತ್ರ ಎಂದು ಒಕ್ಕೂಟದ ಲೆಕ್ಕಪರಿಶೋಧಕರು 2017ರಲ್ಲಿ ವರದಿ ಕೊಟ್ಟರು. ರೈತರು ಮೊದಲಿಂದ ಮಾಡುತ್ತಿದ್ದುದಕ್ಕೇ ಬಹುಪಾಲು ಹಣ ಹೋಗಿತ್ತು. ಷರತ್ತು ಬರೆಯುವ ಮುನ್ನ ಅದನ್ನು ಈಗಾಗಲೇ ಪಾಲಿಸುವವರೆಷ್ಟು ಎಂದು ಎಣಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಆ ಷರತ್ತು ಬಿಗಿಗೊಳಿಸಿ, ಇಲ್ಲವೇ ಕೈಬಿಡಿ. ಬಿಗಿಗೊಳಿಸಿದರೆ ರೈತನಿಗೆ ತಗಲುವ ಖರ್ಚನ್ನೂ ಅದೇ ಆದೇಶದಲ್ಲಿ ಕೊಡಬೇಕು. ಶೇ 4ರಷ್ಟು ಸಾಗುವಳಿ ಜಮೀನು ಬೀಳುಬಿಡಬೇಕೆಂಬ ಒಕ್ಕೂಟದ ನಿಯಮ 2024ರಲ್ಲಿ ರೈತರ ಪ್ರತಿಭಟನೆಯ ಟ್ರ್ಯಾಕ್ಟರ್‌ಗಳು ಬೀದಿಗಿಳಿದ ಕೆಲವೇ ತಿಂಗಳಲ್ಲಿ ರದ್ದಾಯಿತು.