ಕರ್ನಲ್ ಕಾನ್ಫಿಗ್‌ನ ಕಾಮೆಂಟುಗಳನ್ನು ನಾನು ತಿದ್ದಿದ ಬಗೆ: ನನ್ನ ಅನುಭವ

ಹುಬ್ಬಳ್ಳಿ-ಧಾರವಾಡದಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ಗೇಟ್‌ವೇ ಬಾಕ್ಸ್‌ಗಳನ್ನು (ಅಂಗಡಿಯ ಜಾಲವನ್ನು ಇಂಟರ್ನೆಟ್ಟಿಗೆ ಜೋಡಿಸುವ ಯಂತ್ರಗಳನ್ನು) ಕಟ್ಟಿ, ಸುತ್ತಲಿನ ಎಪಿಎಂಸಿ ದಲಾಲಿ ಅಂಗಡಿಗಳಿಗೂ ಸಹಕಾರಿ ಸಂಘಗಳಿಗೂ ಛಾಪಖಾನೆಗಳಿಗೂ ಕೂಡಿಸಿಕೊಡುವವರು ನಾವು ಕೆಲವೇ ಮಂದಿ. ನಮ್ಮೊಳಗೆ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಏನೇನಿರಬೇಕೆಂದು ಹೇಳುವ ಕಾನ್ಫಿಗ್ ಫೈಲಿನ ಕಾಮೆಂಟುಗಳಿಗಾಗಿಯೇ, ಎಂದರೆ ಅದರ ಸಾಲುಗಳ ಪಕ್ಕ ಬರೆಯುವ ವಿವರಣೆಗಳಿಗಾಗಿಯೇ, ಕೆಲಸದ ಹೊತ್ತನ್ನು ತೆಗೆದಿರಿಸಿದವನು ನಾನೊಬ್ಬನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಧಾರವಾಡದ ಹಿರಿಯರೊಬ್ಬರು ಆರಂಭದಲ್ಲಿಯೇ, "ಯಾರ್ ಓದ್ತಾರ್ರೀ ಅದನ್ನ? ಜೆನೆರಿಕ್ ಹಾಕಿ ಸುಮ್ಮ ಕುಂದ್ರ್ರಿ" ಎಂದಿದ್ದರು. ಕಳೆದ ದೀಪಾವಳಿಯ ನಂತರ ಅವರೇ ನನ್ನ ನಮೂನೆಯ ಫೈಲನ್ನು ಕೇಳಿ ತರಿಸಿಕೊಂಡರು. ಕರ್ನಲ್ ಬಿಲ್ಡ್ ಮಾಡುವುದು, ಕೈಕೊಟ್ಟರೆ ಹಳೆಯ ಕರ್ನಲ್‌ನಿಂದ ಬೂಟ್ ಮಾಡುವುದು ಈಗಾಗಲೇ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಫ್ರೀಬಿಎಸ್‌ಡಿಯ ಜೊತೆಗೇ ಸಿದ್ಧವಾಗಿ ಬರುವ ಜೆನೆರಿಕ್ ಕರ್ನಲ್‌ನಲ್ಲಿಯೇ ಏಕೆ ಇರಬಾರದು ಎಂಬ ಪ್ರಶ್ನೆಗೆ ನನ್ನ ಉತ್ತರ ಆಲ್ಟ್‌ಕ್ಯೂ, ಎಂದರೆ ಲೈನಿನ ಮೇಲೆ ಯಾವುದು ಮೊದಲು ಹೋಗಬೇಕೆಂದು ಸರದಿ ಹಚ್ಚುವ ಸೌಲಭ್ಯ. ದಲಾಲಿ ಅಂಗಡಿಯಲ್ಲಿ ಒಂದೇ ಲೈನಿನ ಮೇಲೆ ಬಿಲ್ಲಿಂಗ್, ಕ್ಯಾಮೆರಾ ಮತ್ತು ಹುಡುಗರ ವಿಡಿಯೊ ಮೂರೂ ಓಡುತ್ತವೆ. ಬಿಲ್ಲಿಂಗ್‌ಗೆ ಮೊದಲ ದಾರಿ ಬಿಡಬೇಕೆಂದರೆ ಪಿಎಫ್ ಎಂಬ ಫೈರ್‌ವಾಲ್ ಜೊತೆಗೆ ಆಲ್ಟ್‌ಕ್ಯೂ ಬೇಕು. ಅದು ಜೆನೆರಿಕ್‌ನಲ್ಲಿ ಇಲ್ಲ, ಬೇಕಾದಾಗ ಲೋಡ್ ಮಾಡಿಕೊಳ್ಳುವ ಮಾಡ್ಯೂಲ್ ಆಗಿಯೂ ಸಿಗುವುದಿಲ್ಲ, ಕರ್ನಲ್‌ಗೇ ಸೇರಿಸಿ ಬಿಲ್ಡ್ ಮಾಡಬೇಕು. ಒಮ್ಮೆ ಸ್ವಂತ ಕಾನ್ಫಿಗ್ ಬರೆಯಲು ಕುಳಿತವರು ಆಲ್ಟ್‌ಕ್ಯೂ ಸಾಲುಗಳನ್ನು ಸೇರಿಸಿ ನಿಲ್ಲುವುದಿಲ್ಲ, ಬೇಡವೆಂದು ಕಂಡ ಸಾಲುಗಳನ್ನು ಕೀಳುವುದಕ್ಕೂ ಕೈಹಾಕುತ್ತಾರೆ. ತೊಂದರೆಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ.

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯ ಬಾಕ್ಸ್ ನನ್ನ ಕೈಗೆ ಬಂದದ್ದು ಬೇರೆ ತಂತ್ರಜ್ಞರಿಂದ. ಜೆನೆರಿಕ್ ಫೈಲಿನಲ್ಲಿ ಬಿಪಿಎಫ್ ಸಾಲಿನ ಮೇಲೆ ಮೂರು ಮಾತುಗಳಿವೆ. ಇದು ಬರ್ಕ್ಲಿ ಪ್ಯಾಕೆಟ್ ಫಿಲ್ಟರನ್ನು ಚಾಲೂ ಮಾಡುತ್ತದೆ, ಚಾಲೂ ಮಾಡಿದರೆ ಆಡಳಿತದ ದೃಷ್ಟಿಯಿಂದ ಆಗುವ ಪರಿಣಾಮಗಳ ಎಚ್ಚರವಿರಲಿ, ಮತ್ತು ಡಿಎಚ್‌ಸಿಪಿಗೆ (ಐಪಿ ವಿಳಾಸವನ್ನು ತಾನಾಗಿ ಪಡೆಯುವ ವಿಧಾನಕ್ಕೆ) ಇದು ಬೇಕೇ ಬೇಕು. ಆ ಬಾಕ್ಸಿನ ಹಳೆಯ ಕಾನ್ಫಿಗ್‌ನಲ್ಲಿ ಎಚ್ಚರಿಕೆಯ ಮಾತು ಉಳಿದು, ಡಿಎಚ್‌ಸಿಪಿಯ ಮಾತು ಅಳಿದುಹೋಗಿತ್ತು. ಎಚ್ಚರಿಕೆಯನ್ನಷ್ಟೇ ಓದಿದ ಮುಂದಿನವರು ಭದ್ರತೆಯ ಹೆಸರಿನಲ್ಲಿ ಸಾಲನ್ನೇ ಕಿತ್ತರು. ಹೊಸ ಕರ್ನಲ್‌ನಿಂದ ರೀಬೂಟ್ ಆದ ಮೇಲೆ ಲೈನಿನ ಕಡೆಯಿಂದ ಐಪಿ ವಿಳಾಸವೇ ಬರಲಿಲ್ಲ. ವಿಳಾಸ ಇಲ್ಲದ ಬಾಕ್ಸಿಗೆ ದೂರದಿಂದ ಕೈ ಚಾಚುವ ದಾರಿ ಇರುವುದಿಲ್ಲ. ಆವಕದ ಹಂಗಾಮಿನ ನಟ್ಟನಡುವೆ ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಹೋಗಬೇಕಾಯಿತು. ಬಾಡಿಗೆ ಮೂರು ಸಾವಿರದ ಆಸುಪಾಸು, ನನ್ನ ಒಂದು ದಿನ, ಜೊತೆಗೆ ಅಂಗಡಿಯವರ ಅರ್ಧ ದಿನದ ವಹಿವಾಟು. ಅಲ್ಲಿ ಮಾಡಿದ ಕೆಲಸವೋ ಹಳೆಯ ಕರ್ನಲ್‌ನಿಂದ ಬೂಟ್ ಮಾಡಿಸಿದ್ದು, ಹತ್ತು ನಿಮಿಷದ ಮಾತು. ವರ್ಷಕ್ಕೆ ಆರು ಸಾವಿರದ ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ) ಇಂಥ ಒಂದು ಓಡಾಟ ಬಂದರೆ ಅರ್ಧ ಗಳಿಕೆ ರಸ್ತೆಯ ಮೇಲೆ ಹೋಯಿತೆಂದೇ ಲೆಕ್ಕ.

ಗದಗಿನ ಒಂದು ಛಾಪಖಾನೆಯಲ್ಲಿ ತೊಂದರೆಗೆ ಸದ್ದೇ ಇರಲಿಲ್ಲ. ಎಸ್‌ಸಿಎಸ್‌ಐ ಬಗೆಯ ಡಿಸ್ಕ್ ಇಲ್ಲವೆಂಬ ಕಾರಣಕ್ಕೆ ಯಾರೋ ಡಿಎ ಎಂಬ ಡಿಸ್ಕ್ ಡ್ರೈವರಿನ ಸಾಲನ್ನು ತೆಗೆದಿದ್ದರು. ಕರ್ನಲ್ ತಕರಾರಿಲ್ಲದೆ ಬಿಲ್ಡ್ ಆಯಿತು, ಬಾಕ್ಸ್ ತಿಂಗಳುಗಟ್ಟಲೆ ಓಡಿತು. ಆದರೆ ಪೆನ್‌ಡ್ರೈವ್ ಚುಚ್ಚಿದರೆ ಡಿಮೆಸೇಜಿನಲ್ಲಿ (ಕರ್ನಲ್‌ನ ಸಂದೇಶಗಳಲ್ಲಿ) ಯುಎಸ್‌ಬಿ ಡ್ರೈವುಗಳ ಡ್ರೈವರಾದ ಯುಮಾಸ್0 ಎಂಬ ಹೆಸರು ಕಾಣುತ್ತಿತ್ತೇ ಹೊರತು ಅದರ ಹಿಂದೆ ಬರಬೇಕಾದ ಡಿಎ0 ಕಾಣುತ್ತಿರಲಿಲ್ಲ. ಅಷ್ಟೂ ತಿಂಗಳು ರಾತ್ರಿಯ ಬ್ಯಾಕಪ್ ಎಲ್ಲಿಗೂ ಹೋಗಿರಲಿಲ್ಲ. ಯುಮಾಸ್‌ಗೆ ಎಸ್‌ಸಿಬಸ್ ಮತ್ತು ಡಿಎ ಎರಡೂ ಬೇಕೆಂದು ಜೆನೆರಿಕ್‌ನಲ್ಲಿ ಯುಮಾಸ್ ಸಾಲಿನ ಪಕ್ಕ ಬರೆದೇ ಇದೆ. ಆದರೆ ಕೀಳುವವರು ನೋಡುವುದು ಡಿಎ ಸಾಲನ್ನು, ಯುಮಾಸ್ ಸಾಲನ್ನಲ್ಲ. ಅವಲಂಬನೆಯ ಮಾತು ಆಸರೆ ಬೇಡುವ ಸಾಲಿಗಿಂತ ಆಸರೆ ಕೊಡುವ ಸಾಲಿನ ಪಕ್ಕದಲ್ಲಿರಬೇಕು ಎಂಬ ನನ್ನ ಮೊದಲ ನಿಯಮ ಹುಟ್ಟಿದ್ದು ಅಲ್ಲಿ.

ಮೊದಲು ಕೈಗೊಂಡ ದಾರಿಗಳು ಫಲ ಕೊಡಲಿಲ್ಲ. ಜೆನೆರಿಕ್ ಫೈಲನ್ನು ಇಡಿಯಾಗಿ ನಕಲು ಮಾಡಿ ಪ್ರತಿ ಸಾಲಿಗೂ ಕಾಮೆಂಟ್ ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಫ್ರೀಬಿಎಸ್‌ಡಿಯ 12ರ ಆವೃತ್ತಿಗಳಲ್ಲಿ ಅದು ಚೆನ್ನಾಗಿಯೇ ಇತ್ತು. 2021ರಲ್ಲಿ 13.0 ಬಂದಾಗ ಹಳೆಯ 10/100 ಈಥರ್ನೆಟ್ ಡ್ರೈವರುಗಳಲ್ಲಿ ಹಲವನ್ನು ಮೂಲದಿಂದಲೇ ತೆಗೆದುಹಾಕಿದ್ದರು. ನಕಲು ಫೈಲಿನಲ್ಲಿ ಆ ಸಾಲುಗಳು ಇನ್ನೂ ಇದ್ದುದರಿಂದ, ಇಂಥ ಡಿವೈಸ್ ಗೊತ್ತಿಲ್ಲವೆಂದು ಕಾನ್ಫಿಗ್ ಕಮಾಂಡ್ ನಿಂತಲ್ಲೇ ನಿಂತಿತು. ಅದು ಒಳ್ಳೆಯದೇ, ಕಣ್ಣಿಗೆ ಬೀಳುವ ತಪ್ಪನ್ನು ತಿದ್ದಬಹುದು. ನಿಜವಾದ ಹಾನಿ ಉಳಿದ ಸಾಲುಗಳಲ್ಲಿತ್ತು. ಮೂಲ ಮುಂದೆ ಹೋಗಿತ್ತು, ನಮ್ಮ ಕಾಮೆಂಟುಗಳು ಹಿಂದೆಯೇ ಉಳಿದು ಸುಳ್ಳು ಹೇಳತೊಡಗಿದ್ದವು. ಬಳಿಕ ವಿವರಣೆಗಳನ್ನೆಲ್ಲ ಬೇರೆ ಸ್ಪ್ರೆಡ್‌ಶೀಟಿಗೆ ಹಾಕಿದೆ. ಕೆಲವೇ ತಿಂಗಳಲ್ಲಿ ಶೀಟ್ ಒಂದು ಹೇಳುತ್ತಿತ್ತು, ಬಾಕ್ಸ್ ಇನ್ನೊಂದು ಹೇಳುತ್ತಿತ್ತು. ಆ ಶೀಟಿನ ಮೇಲೆ ಹುಡುಗನೊಬ್ಬ ಕಳೆದ ಹೊತ್ತಿನ ಸಂಬಳವೇ ಹನ್ನೆರಡು-ಹದಿಮೂರು ಸಾವಿರವಾಗಿರಬೇಕು.

ಈಗಿನ ಫೈಲು ಚಿಕ್ಕದು. ತಲೆಯಲ್ಲಿ ಜೆನೆರಿಕ್ ಅನ್ನು ಇನ್‌ಕ್ಲೂಡ್ ಮಾಡುತ್ತೇನೆ, ಐಡೆಂಟ್ ಸಾಲಿನಲ್ಲಿ ಬಾಕ್ಸಿನ ಗುರುತು ಹಾಕುತ್ತೇನೆ, ಅದರ ಕೆಳಗೆ ನಾವು ಸೇರಿಸಿದ ಮತ್ತು ನೋಡಿವೈಸ್, ನೋಆಪ್ಷನ್ಸ್ ಎಂದು ಕಿತ್ತ ಸಾಲುಗಳು ಮಾತ್ರ ಇರುತ್ತವೆ. ಹೆಚ್ಚೆಂದರೆ ಮೂವತ್ತು ಸಾಲು. ಜೆನೆರಿಕ್‌ನ ಸ್ವಂತ ಕಾಮೆಂಟುಗಳು ಮೂಲದ ಜೊತೆಗೇ ಹೊಸದಾಗುತ್ತವೆ, ನಾವು ಉತ್ತರ ಹೇಳಬೇಕಾದದ್ದು ನಮ್ಮ ಮೂವತ್ತು ಸಾಲುಗಳಿಗೆ ಮಾತ್ರ.

ಆ ಮೂವತ್ತು ಸಾಲುಗಳ ಪಕ್ಕ ಏನು ಬರೆಯಬೇಕೆಂಬುದನ್ನು ನಾನು ಕಲಿತದ್ದು ಮೂಲದಲ್ಲಿರುವ ಒಳ್ಳೆಯ ಮತ್ತು ಸಾಧಾರಣ ಕಾಮೆಂಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಶೆಡ್ ಯುಎಲ್‌ಇ ಸಾಲಿನ ಪಕ್ಕ ಯುಎಲ್‌ಇ ಶೆಡ್ಯೂಲರ್ ಎಂದಷ್ಟೇ ಇದೆ, ಓದಿದವನಿಗೆ ಹೊಸದೇನೂ ಸಿಗುವುದಿಲ್ಲ. ಎಸ್‌ಸಿಎಸ್‌ಐ ಡಿಲೇ 5000 ಎಂಬ ಸಾಲಿನ ಪಕ್ಕ ಅದು ಮಿಲಿಸೆಕೆಂಡಿನಲ್ಲಿದೆ ಎಂಬ ಮಾತಿದೆ, ಆ ಒಂದು ಮಾತಿಲ್ಲದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಎಂಐಐಬಸ್ ಬಳಿ, ಈ ನೆಟ್‌ವರ್ಕ್ ಕಾರ್ಡುಗಳು ಬೇಕೆಂದರೆ ಆ ಸಾಲನ್ನು ಉಳಿಸಿಕೊಳ್ಳಿ ಎಂಬ ಸೂಚನೆಯಿದೆ. ಆಪ್ಷನ್‌ಗಳನ್ನು ವಿವರಿಸುವ ನೋಟ್ಸ್ ಫೈಲಿನಲ್ಲಿ ಐಪಿಫೈರ್‌ವಾಲ್ ಬಳಿ ಇರುವ ಎಚ್ಚರಿಕೆಯಂತೂ ನನಗೆ ಮಾದರಿಯೇ ಆಗಿದೆ. ಏನೂ ನಿಯಮ ಹಾಕದಿದ್ದರೆ ಇದು ಎಲ್ಲವನ್ನೂ ತಡೆಯುತ್ತದೆ, ನಿಮ್ಮನ್ನು ನೀವೇ ಹೊರಗೆ ಹಾಕಿ ಬೀಗ ಜಡಿದುಕೊಳ್ಳುತ್ತೀರಿ ಎಂದು ದೊಡ್ಡಕ್ಷರದಲ್ಲಿ ಹೇಳಿ, ಮೊದಲ ಸಲ ಹಾಕುವಾಗ ಆರ್‌ಸಿ ಡಾಟ್ ಕಾನ್ಫ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಏನು ಬರೆಯಬೇಕೆಂಬುದನ್ನೂ ಅಲ್ಲಿಯೇ ತಿಳಿಸುತ್ತಾರೆ. ವಸ್ತು ಏನೆಂಬುದನ್ನು ಸಿಸ್ಟಂನ ಕೈಪಿಡಿಯಾದ ಮ್ಯಾನ್ ಪುಟ ಹೇಳುತ್ತದೆ. ಸಾಲು ಹೋದರೆ ಏನು ನಿಲ್ಲುತ್ತದೆ, ಈ ಬಾಕ್ಸಿನಲ್ಲಿ ಅದು ಯಾರಿಗಾಗಿ ಇದೆ, ನಿಂತಿದೆಯೇ ಎಂದು ನೋಡುವುದು ಹೇಗೆ ಎಂಬುದನ್ನು ಕಾಮೆಂಟ್ ಅಲ್ಲದೆ ಬೇರೆ ಯಾರೂ ಹೇಳಲಾರರು. ಬಾಬತ್ತು ಬರೆಯದ ಖರ್ಚನ್ನು ಯಾವ ದಲಾಲಿಯೂ ತನ್ನ ಕಿರ್ದಿಯಲ್ಲಿ ಉಳಿಯಗೊಡುವುದಿಲ್ಲ, ನಾನೂ ಹಾಗೆಯೇ ಮಾಡುತ್ತೇನೆ.

ಎಲ್ಲರೂ ಅನುಮಾನಪಟ್ಟದ್ದು ಮುಂದಿನ ಹೆಜ್ಜೆಯನ್ನು. ಕಾಮೆಂಟನ್ನು ನಾನು ನೆನಪಿನಿಂದ ಬರೆಯುವುದಿಲ್ಲ. ಗೋಕುಲ ರಸ್ತೆಯ ನನ್ನ ಕೋಣೆಯಲ್ಲಿ ಒಂದು ಹಳೆಯ ಬಾಕ್ಸ್ ಇದೆ, ಅದರ ಮೇಲೆ ಒಂದೊಂದು ಸಾಲನ್ನೂ ಬೇಕೆಂದೇ ಕಿತ್ತು, ಬಿಲ್ಡ್ ಮಾಡಿ, ಬೂಟ್ ಮಾಡಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ನನ್ನ ನಾಲ್ಕು ಕೋರಿನ ಯಂತ್ರದಲ್ಲಿ ಎಲ್ಲ ಮಾಡ್ಯೂಲುಗಳ ಸಮೇತ ಬಿಲ್ಡ್ ಮುಗಿಯಲು ಮುಕ್ಕಾಲು ತಾಸು ಹಿಡಿಯುತ್ತಿತ್ತು. ಮಾಡ್ಯೂಲ್ಸ್ ಓವರ್‌ರೈಡ್ ಎಂಬ ಸೆಟ್ಟಿಂಗಿನಲ್ಲಿ ಬೇಕಾದ ನಾಲ್ಕೈದನ್ನಷ್ಟೇ ಇಟ್ಟ ಮೇಲೆ ಅದು ಹದಿನೈದು ನಿಮಿಷಕ್ಕೆ ಇಳಿಯಿತು. ಒಂದು ಮಳೆಗಾಲದ ಸಂಜೆಗಳೆಲ್ಲ ಇದಕ್ಕೇ ಹೋದವು, ಆದರೆ ಅದರಿಂದ ಸಿಕ್ಕದ್ದು ಕಡಿಮೆಯಲ್ಲ. ಐಪಿಸೆಕ್ ಸಪೋರ್ಟ್ ಸಾಲಿನ ಬಗ್ಗೆ ನಮ್ಮ ಕಡೆಯ ಎಲ್ಲರ ಫೈಲಿನಲ್ಲೂ ವಿಪಿಎನ್‌ಗೆ ಬೇಕು ಎಂಬ ಕಾಮೆಂಟ್ ಇತ್ತು. ನಮ್ಮ ಗಿರಾಕಿಗಳು ಬಳಸುವುದು ವೈರ್‌ಗಾರ್ಡ್ ಎಂಬ ಬೇರೆಯೇ ಬಗೆಯ ವಿಪಿಎನ್ ಸುರಂಗ. ಸಾಲನ್ನು ಕಿತ್ತು ನೋಡಿದೆ, ಸುರಂಗ ಎಂದಿನಂತೆ ಎದ್ದು ನಿಂತಿತು. ವರ್ಷಗಳಿಂದ ಒಬ್ಬರ ಫೈಲಿನಿಂದ ಇನ್ನೊಬ್ಬರ ಫೈಲಿಗೆ ದಾಟುತ್ತ ಬಂದ ಆ ಮಾತನ್ನು ಯಾರೂ ಒರೆಗೆ ಹಚ್ಚಿರಲಿಲ್ಲ.

ಡಿಎ ಸಾಲಿನ ಪಕ್ಕ ಈಗ ಇರುವ ಕಾಮೆಂಟ್ ಹೀಗಿದೆ: "ಕೀಳಬೇಡಿ. ಎಸ್‌ಸಿಎಸ್‌ಐ ಡಿಸ್ಕ್ ಇಲ್ಲದಿದ್ದರೂ ಪೆನ್‌ಡ್ರೈವ್ ಬ್ಯಾಕಪ್ ಇದರ ಮೇಲಿದೆ. ಕಿತ್ತರೆ ಬಿಲ್ಡ್ ಆಗುತ್ತದೆ, ಬೂಟ್ ಆಗುತ್ತದೆ, ಬ್ಯಾಕಪ್ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ. ಪರೀಕ್ಷೆ: ಡ್ರೈವ್ ಚುಚ್ಚಿ, ಡಿಮೆಸೇಜಿನಲ್ಲಿ ಯುಮಾಸ್0 ಆದ ಮೇಲೆ ಡಿಎ0 ಬರಬೇಕು. 14.0ರಲ್ಲಿ ನೋಡಲಾಗಿದೆ." ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಹೊಸ ಆವೃತ್ತಿ ಬಂದಾಗ ಯಾವ ಕಾಮೆಂಟನ್ನು ನಂಬಬಹುದು, ಯಾವುದನ್ನು ಮತ್ತೆ ಪರೀಕ್ಷಿಸಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಬರೆದ ಮೇಲೆ ಆ ಬಾಕ್ಸನ್ನು ಕಂಡೇ ಇರದ ಹುಡುಗನಿಗೆ ಕೊಡುತ್ತೇನೆ. ಅವನು ಎದ್ದು ಬಂದು ಒಂದು ಪ್ರಶ್ನೆ ಕೇಳಿದರೂ ಕಾಮೆಂಟನ್ನು ಮತ್ತೆ ಬರೆಯುತ್ತೇನೆ.

ಕಿತ್ತ ಸಾಲಿಗೆ ಕಾಮೆಂಟ್ ಬರೆಯುವುದು ಇಟ್ಟ ಸಾಲಿಗೆ ಬರೆಯುವುದಕ್ಕಿಂತ ಕಷ್ಟ. "ಬೇಡ" ಎಂಬ ಒಂದೇ ಶಬ್ದವನ್ನು ಎಷ್ಟೋ ಫೈಲುಗಳಲ್ಲಿ ನೋಡಿದ್ದೇನೆ. ಯಾರಿಗೆ ಬೇಡ, ಯಾವ ಯಂತ್ರಾಂಶ ಬಂದರೆ ಬೇಕಾಗುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ಕೆಲವು ಸಲ ಸರಿಯಾದ ಕಾಮೆಂಟ್ ಬರೆಯಲು ಕುಳಿತಾಗಲೇ ಸಾಲು ಕರ್ನಲ್ ಕಾನ್ಫಿಗ್‌ನಲ್ಲಿ ಇರಬೇಕಾಗಿಲ್ಲವೆಂದು ಹೊಳೆಯುತ್ತದೆ. ಎಸ್‌ಸಿಎಸ್‌ಐ ಡಿಲೇ ಅಂಥದು. ಬೂಟಿನಲ್ಲಿ ಮೂರು ಸೆಕೆಂಡು ಉಳಿಸಲು ಅದನ್ನು 2000ಕ್ಕೆ ಇಳಿಸಿದ್ದೆ, ಆದರೆ ಅದೇ ಕೆಲಸ ಬೂಟ್ ಹೊತ್ತಿಗೆ ಓದಿಕೊಳ್ಳುವ ಲೋಡರ್ ಟ್ಯೂನಬಲ್‌ನಿಂದ ಆಗುತ್ತದೆ. ಸಾಲನ್ನು ಅಲ್ಲಿಗೆ ಸಾಗಿಸಿದೆ, ಕಾಮೆಂಟನ್ನೂ ಜೊತೆಗೇ ಕಳುಹಿಸಿದೆ.

ಇನ್ನು ಫೈಲು ಕಳೆದುಹೋಗುವ ಪ್ರಶ್ನೆ. ಇನ್‌ಕ್ಲೂಡ್ ಕಾನ್ಫಿಗ್ ಫೈಲ್ ಎಂಬ ಆಪ್ಷನ್ ಜೆನೆರಿಕ್‌ನಲ್ಲಿ ಮೊದಲೇ ಇರುವುದರಿಂದ ಕಾನ್ಫಿಗ್ ಕರ್ನಲ್‌ನೊಳಗೇ ಕೂತಿರುತ್ತದೆ, ಓಡುತ್ತಿರುವ ಕರ್ನಲ್ ಅನ್ನು ಕೇಳುವ ಕರ್ನ್ ಡಾಟ್ ಕಾನ್ಫ್‌ಟೆಕ್ಸ್ಟ್ ಎಂಬ ಸಿಸ್‌ಕಂಟ್ರೋಲ್‌ನಿಂದ ಓದಬಹುದು ಎಂಬುದು ನಿಮಗೆಲ್ಲ ಗೊತ್ತು. ಆದರೆ ಹಾಗೆ ಓದಿದರೆ ಕಾಮೆಂಟುಗಳು ಸಿಗುವುದಿಲ್ಲ, ಕಾನ್ಫಿಗ್ ಕಮಾಂಡ್ ಅವನ್ನು ಸೋಸಿಬಿಡುತ್ತದೆ. ಆ ಕಮಾಂಡಿಗೇ ದೊಡ್ಡ ಸಿ ಎಂಬ ಫ್ಲ್ಯಾಗ್ ಕೊಟ್ಟರೆ ಫೈಲುಗಳು ಕಾಮೆಂಟಿನ ಸಮೇತ ಇದ್ದಂತೆಯೇ ಒಳಗೆ ಹೋಗುತ್ತವೆ. ಬಿಲ್ಡ್‌ಕರ್ನಲ್ ಮೂಲಕ ಅದನ್ನು ದಾಟಿಸುವ ದಾರಿಯನ್ನು ಮೇಕ್‌ಫೈಲಿನಲ್ಲಿ ಹುಡುಕಿದವರು ಕಾಣುತ್ತಾರೆ. ಕರ್ನಲ್ ಊದಿಕೊಳ್ಳುತ್ತದೆ ಎಂದು ಹೆದರಿಸಿದವರಿದ್ದರು. ಮೂವತ್ತು ಎಂಬಿಯ ಆಸುಪಾಸಿನ ಕರ್ನಲ್‌ಗೆ ಕೆಲವೇ ಹತ್ತು ಕೆಬಿ ಸೇರಿದರೆ ಯಾವ ಬಾಕ್ಸಿಗೂ ಅದು ಹೊರೆಯಲ್ಲ. ಒಳಗಿನ ಕಾಮೆಂಟುಗಳನ್ನು ಆ ಬಾಕ್ಸಿನ ನಿಜವಾದ ಯಂತ್ರಾಂಶದ ಪಟ್ಟಿಯೊಡನೆ ಹೋಲಿಸಿ, ಸುಳ್ಳಾದವನ್ನು ಎತ್ತಿ ತೋರಿಸುವ ಒಂದು ಸ್ಕ್ರಿಪ್ಟನ್ನೂ ಮಾಡಿಕೊಂಡಿದ್ದೇನೆ. ಅದರ ಒಳಗನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಸದ್ಯಕ್ಕೆ ಅದು ನನ್ನ ಹೊಟ್ಟೆಪಾಡು.

ಕಾಮೆಂಟುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕೆಂಬ ಆಸೆಯಿಂದ ಹಲವು ವಾರ ಹೆಣಗಿದೆ. ದೂರದಿಂದ ಒಳಹೊಗುವ ಎಸ್‌ಎಸ್‌ಎಚ್‌ನಲ್ಲಿ ಒಳ್ಳೆಯ ಟರ್ಮಿನಲ್ ಇದ್ದರೆ ಚೆನ್ನಾಗಿ ಕಾಣುತ್ತದೆ. ಆದರೆ ಬಾಕ್ಸ್ ಬಿದ್ದ ದಿನ ಮುಂದೆ ಇರುವುದು ವಿಟಿ ಕನ್ಸೋಲ್ (ಬಾಕ್ಸಿಗೇ ಜೋಡಿಸಿದ ಪರದೆ), ಅಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳುವುದೇ ಇಲ್ಲ. ಆದ್ದರಿಂದ ಮಾತು ಕನ್ನಡದ್ದೇ ಇಟ್ಟು, ಹುಡುಗರು ಮೊಬೈಲಿನಲ್ಲಿ ಬರೆಯುವಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇವೆ. ಕಣ್ಣಿಗೆ ಚೆಂದವಲ್ಲ, ಆದರೆ ಸೀರಿಯಲ್ ಕೇಬಲಿನ ಮೇಲೂ ಓದಲು ಬರುತ್ತದೆ.

ಒಬ್ಬ ಗಿರಾಕಿಗೆ ಲಿನಕ್ಸೇ ಬೇಕಾಗಿತ್ತು. ಅಲ್ಲಿ ಡಾಟ್ ಕಾನ್ಫಿಗ್ ಫೈಲಿನಲ್ಲಿ ಕಾಮೆಂಟ್ ಬರೆದರೆ ಉಳಿಯುವುದಿಲ್ಲ, ಮುಂದಿನ ಸಲ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದಾಗ ಲಿನಕ್ಸಿನ ಕಾನ್ಫಿಗ್ ಸಾಧನವಾದ ಕೆಕಾನ್ಫಿಗ್ ಇಡೀ ಫೈಲನ್ನು ಹೊಸದಾಗಿ ಬರೆಯುತ್ತದೆ. ಸಾಲದ್ದಕ್ಕೆ ಹ್ಯಾಷ್ ಚಿಹ್ನೆಯಿಂದ ಶುರುವಾಗಿ "ಸೆಟ್ ಆಗಿಲ್ಲ" ಎನ್ನುವ ಸಾಲುಗಳು ನೋಡಲು ಕಾಮೆಂಟಿನಂತಿದ್ದರೂ ಅವನ್ನು ಅದು ಓದಿಕೊಳ್ಳುತ್ತದೆ, ಕಸವೆಂದು ಗುಡಿಸಿದರೆ ಕೆಲಸ ಕೆಡುತ್ತದೆ. ಅಲ್ಲಿ ನಾನು ಚಿಕ್ಕ ಚಿಕ್ಕ ಫ್ರಾಗ್ಮೆಂಟ್ ಫೈಲುಗಳಲ್ಲಿ ಕಾಮೆಂಟ್ ಇಟ್ಟು ಮರ್ಜ್ ಕಾನ್ಫಿಗ್ ಸ್ಕ್ರಿಪ್ಟಿನಿಂದ ಕೂಡಿಸಿದೆ. ಕೇಳಿದ ಮೌಲ್ಯ ಕೊನೆಯ ಫೈಲಿನಲ್ಲಿ ಬರದಿದ್ದರೆ ಅದು ಹೇಳಿಬಿಡುತ್ತದೆ, ಆ ಗುಣ ನನಗೆ ಬಹಳ ಹಿಡಿಸಿತು.

ದುಡ್ಡಿನ ಮಾತಿಗೆ ಬಂದರೆ, ಬಿಲ್ಲಿನಲ್ಲಿ ವಿವರಣೆ ಬರೆದದ್ದಕ್ಕೆ ಎಂಟುನೂರು ಎಂದು ಬೇರೆ ಸಾಲು ಹಾಕಿದಾಗ ಒಂದು ಸಂಘದವರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಉಳಿದದ್ದನ್ನು ಕೊಟ್ಟರು. ಅಂದಿನಿಂದ ಅದನ್ನು ಕೂಡಿಸುವ ಕೂಲಿಯಲ್ಲಿಯೇ ಸೇರಿಸುತ್ತೇನೆ. ಲಾಭ ಬಂದದ್ದು ಬೇರೆ ಕಡೆಯಿಂದ. ಮೂವತ್ತೈದರ ಆಸುಪಾಸು ಬಾಕ್ಸ್‌ಗಳಲ್ಲಿ ಕರ್ನಲ್‌ನ ಕಾರಣಕ್ಕೆ ಊರೂರು ಅಲೆಯುವುದು ಹೆಚ್ಚುಕಡಿಮೆ ನಿಂತುಹೋಗಿದೆ. ಮೊದಲು ಹೊಸ ಹುಡುಗನಿಗೆ ಫೈಲು ಅರ್ಥವಾಗಲು ಎರಡು-ಮೂರು ತಿಂಗಳು ಬೇಕಾಗುತ್ತಿತ್ತು, ಅರ್ಥವಾಗುವ ಹೊತ್ತಿಗೆ ಅವನು ಬೆಂಗಳೂರಿನ ಬಸ್ಸು ಹತ್ತಿರುತ್ತಿದ್ದ. ಈಗ ವಾರದೊಳಗೆ ಫೋನಿನಲ್ಲಿ ಉತ್ತರ ಹೇಳುತ್ತಾನೆ.

ಧಾರವಾಡದ ಹಿರಿಯರು ಒಪ್ಪಿದ್ದು ಕಳೆದ ಬೇಸಿಗೆಯ ಒಂದು ಘಟನೆಯ ಸುದ್ದಿ ಕೇಳಿದ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ನನ್ನ ಬಿಲ್ಡ್ ಯಂತ್ರದ ಎಸ್‌ಎಸ್‌ಡಿ ಏಕಾಏಕಿ ಸತ್ತಿತು. ಸ್ಥಳದಲ್ಲಿಯೇ ತಿದ್ದಿದ ಹಲವು ಕಾನ್ಫಿಗ್‌ಗಳ ಕೊನೆಯ ಪ್ರತಿ ಅದರಲ್ಲಿ ಮಾತ್ರ ಇತ್ತು. ಹೊಸ ಡಿಸ್ಕ್ ನಾಲ್ಕು ಸಾವಿರದೊಳಗೆ ಬಂತು. ಆಮೇಲೆ ಕುರ್ಚಿ ಬಿಟ್ಟು ಏಳದೆ, ಬ್ಯಾಡಗಿ, ರಾಣೆಬೆನ್ನೂರು, ಗದಗ, ಅಮರಗೋಳಗಳ ಒಂದೊಂದು ಬಾಕ್ಸಿಗೂ ಒಳಹೊಕ್ಕು, ಓಡುತ್ತಿರುವ ಕರ್ನಲ್‌ನಿಂದಲೇ ಅದರ ಕಾನ್ಫಿಗ್ ಅನ್ನು ಕಾಮೆಂಟಿನ ಸಮೇತ ಹೊರತೆಗೆದೆ. ಸಂಜೆಯೊಳಗೆ ಎಲ್ಲವೂ ಕೈಸೇರಿದವು. ಹಳೆಯ ರೀತಿಯ ಕರ್ನಲ್ ಇದ್ದ ಎರಡು-ಮೂರು ಬಾಕ್ಸ್‌ಗಳಲ್ಲಿ ಸಾಲುಗಳು ಸಿಕ್ಕವು, ಕಾರಣಗಳು ಸಿಗಲಿಲ್ಲ. ಆ ಸಾಲುಗಳನ್ನು ಗೋಕುಲ ರಸ್ತೆಯ ಬಾಕ್ಸಿನ ಮೇಲೆ ಈಗ ಒಂದೊಂದಾಗಿ ಕಿತ್ತು ನೋಡುತ್ತಿದ್ದೇನೆ, ಹಂಗಾಮು ಶುರುವಾಗುವ ಮೊದಲು ಅವೂ ಮುಗಿಯಬೇಕು.